ಮಿಥ್ಯಾಲೋಕದಲ್ಲಿ ನಡೆಯುವುದು ಹೇಗೆ?

ಘಾಟಿ ರಸ್ತೆಯಲ್ಲಿ ಸಾಗುವ ಬಸ್ಸಿನಲ್ಲಿ ಕುಳಿತು ಪುಸ್ತಕ ಓದಲು ಎಂದಾದರೂ ಪ್ರಯತ್ನಿಸಿದ್ದೀರಾ? ನಾಲ್ಕಾರು ತಿರುವು ದಾಟುವಷ್ಟರಲ್ಲಿ ಹೊಟ್ಟೆ ತೊಳಸತೊಡಗುತ್ತದೆ. ದೇಹ ಚಲಿಸುತ್ತಿದೆ ಎಂದು ಒಳಕಿವಿ ಮಿದುಳಿಗೆ ತಿಳಿಸುತ್ತದೆ. ಪುಟದಲ್ಲಿ ನೆಟ್ಟ ಕಣ್ಣು ‘ಇಲ್ಲ’ ಎನ್ನುತ್ತದೆ. ವರ್ಚುಯಲ್ ರಿಯಾಲಿಟಿ, ಅಂದರೆ ಮಿಥ್ಯಾ ವಾಸ್ತವದ ಆಟಗಳಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ. ಅಲ್ಲಿ ಕಣ್ಣಿನ ಪಾಲಿಗೆ ನೀವು ಓಡುತ್ತಿರುತ್ತೀರಿ, ದೇಹ ಮಾತ್ರ ಕುರ್ಚಿಯಲ್ಲೇ ಇರುತ್ತದೆ. ಹೊಟ್ಟೆಯ ಪಾಡು ಎರಡರಲ್ಲೂ ಒಂದೇ.

ಅಮೆರಿಕದ ಮಾರ್ಟನ್ ಹೈಲಿಗ್ 1962ರಲ್ಲಿ ಪೇಟೆಂಟ್ ಪಡೆದ ‘ಸೆನ್ಸೊರಾಮ’ದೊಳಗೆ ಮುಖವಿಟ್ಟರೆ ಮೋಟಾರ್ ಸೈಕಲ್ ಸವಾರಿ ಕಾಣುತ್ತಿತ್ತು. ಆಸನ ನಡುಗುತ್ತಿತ್ತು, ಗಾಳಿ ಬೀಸುತ್ತಿತ್ತು, ವಾಸನೆಯೂ ಬರುತ್ತಿತ್ತು. ಆದರೆ ಎಡಕ್ಕೆ ತಿರುಗೋಣವೆಂದರೆ ಸಾಧ್ಯವಿರಲಿಲ್ಲ! ನೋಡುವವರ ಚಲನೆಗೆ ತಕ್ಕಂತೆ ದೃಶ್ಯವನ್ನು ಬದಲಿಸಿದ್ದು 1968ರಲ್ಲಿ ಐವನ್ ಸದರ್ಲೆಂಡ್ ವಿವರಿಸಿದ, ತಲೆಗೆ ಧರಿಸುವ ಸಾಧನ. ಚಾವಣಿಯಿಂದ ಇಳಿಬಿದ್ದ ತೋಳೊಂದು ತಲೆಯ ಸ್ಥಾನವನ್ನು ಅಳೆದು ಗಣಕಕ್ಕೆ ತಿಳಿಸುತ್ತಿತ್ತು. ಸುಮಾರು ಆರು ಅಡಿ ವ್ಯಾಸದೊಳಗೆ ಅತ್ತಿತ್ತ ಸರಿದಾಡಬಹುದಿತ್ತು. ಕಾಣುತ್ತಿದ್ದುದು ಬರಿಯ ಗೆರೆಚಿತ್ರಗಳು.

ಆಟಿಕೆಯ ಉದ್ಯಮ ಮೊದಲು ಹಿಡಿದದ್ದು ಕೈಯನ್ನು. 1989ರ ‘ಪವರ್ ಗ್ಲೋವ್’ ಎಂಬ ಕೈಗವಸು ಬೆರಳು ಮಡಿಚುವುದನ್ನು ಗುರುತಿಸುತ್ತಿತ್ತು. 1995ರಲ್ಲಿ ಬಂದ ನಿಂಟೆಂಡೊದ ‘ವರ್ಚುಯಲ್ ಬಾಯ್’ ಮೇಜಿನ ಮೇಲೆ ನಿಲ್ಲುತ್ತಿತ್ತು. ಕೆಂಪು-ಕಪ್ಪು ಚಿತ್ರ ತೋರಿಸುತ್ತಿದ್ದ ಅದಕ್ಕೆ ತಲೆಯ ಚಲನೆ ಗೊತ್ತೇ ಆಗುತ್ತಿರಲಿಲ್ಲ. ಸದರ್ಲೆಂಡ್ ಅವರ ಸಾಧನದ 27 ವರ್ಷಗಳ ನಂತರ ಹೀಗೆ ಹಿಂದಕ್ಕೆ ಹೋದದ್ದು ವಿಚಿತ್ರವೇ ಸರಿ.

ಕಾಲಿನ ಕಡೆಗೆ ಗಮನ ಕೊಟ್ಟವರು ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಫ್ರೆಡ್ ಬ್ರೂಕ್ಸ್ ಮತ್ತು ಸಂಗಡಿಗರು. ಇನ್ನೂ ಕಟ್ಟದ ಕಟ್ಟಡವನ್ನು ಗಣಕದಲ್ಲಿ ಸುತ್ತಿ ನೋಡುವುದು ಅವರ ಉದ್ದೇಶ. ಅದಕ್ಕಾಗಿ ಟ್ರೆಡ್‌ಮಿಲ್‌ಗೆ ಸೈಕಲ್ಲಿನ ಹ್ಯಾಂಡಲ್ ಜೋಡಿಸಿದರು: ನಡೆಯಲು ಕಾಲು, ತಿರುಗಲು ಕೈ. ಬ್ರೂಕ್ಸ್ ಅವರೂ ಸೇರಿದ್ದ ತಂಡವೊಂದು 1999ರಲ್ಲಿ ಮೂರು ವಿಧಾನಗಳನ್ನು ಹೋಲಿಸಿತು. ನಿಜವಾಗಿ ನಡೆಯುವುದು, ನಿಂತಲ್ಲೇ ಹೆಜ್ಜೆ ಹಾಕುವುದು, ಗುಂಡಿಯೊತ್ತಿ ತೇಲುವುದು. ‘ನಾನು ಅಲ್ಲೇ ಇದ್ದೆ’ ಎಂಬ ಭಾವ ತೇಲಿದವರಿಗಿಂತ ಹೆಜ್ಜೆ ಹಾಕಿದವರಲ್ಲೇ ಹೆಚ್ಚಾಗಿತ್ತು.

ಆದರೆ ಕೋಣೆಗೆ ಗೋಡೆಗಳಿವೆಯಲ್ಲ! 2001ರಲ್ಲಿ ಅದೇ ವಿಶ್ವವಿದ್ಯಾಲಯದ ಷರೀಫ್ ರಜಾಕ್ ಮತ್ತು ಜೊತೆಗಾರರು ಒಂದು ಚತುರ ಉಪಾಯ ಮುಂದಿಟ್ಟರು. ಬಯಲಿನಲ್ಲಿ ಕಣ್ಣುಮುಚ್ಚಿ ನಡೆದು ನೋಡಿ. ನೇರವಾಗಿ ಹೋಗುತ್ತಿದ್ದೇನೆ ಎಂದುಕೊಂಡೇ ಓರೆಯಾಗಿ ಸಾಗಿರುತ್ತೀರಿ. ನಮ್ಮ ಈ ದೌರ್ಬಲ್ಯವೇ ಅವರಿಗೆ ಬಂಡವಾಳ. ನೀವು ನಡೆಯುತ್ತಿರುವಾಗ ಗಣಕವು ದೃಶ್ಯವನ್ನು ತುಸುತುಸುವೇ ತಿರುಗಿಸುತ್ತದೆ. ಅರಿವಿಲ್ಲದೆ ನೀವೂ ಅದರೊಡನೆ ತಿರುಗುತ್ತೀರಿ. ಹೀಗೆ ಮಿಥ್ಯಾಲೋಕದ ನೇರ ರಸ್ತೆ ಕೋಣೆಯೊಳಗೆ ವೃತ್ತವಾಗುತ್ತದೆ. ಈ ಮೋಸ ಗೊತ್ತಾಗದಿರಲು ವೃತ್ತ ಎಷ್ಟು ದೊಡ್ಡದಿರಬೇಕು? 2010ರಲ್ಲಿ ಪ್ರಕಟವಾದ ಜರ್ಮನ್ ಸಂಶೋಧಕರ ಪ್ರಯೋಗದ ಪ್ರಕಾರ ತ್ರಿಜ್ಯ ಕನಿಷ್ಠ 22 ಮೀಟರ್. ಅಷ್ಟು ವಿಶಾಲವಾದ ನಡುಮನೆ ಯಾರಿಗಿದೆ, ಹೇಳಿ?

2016ರಲ್ಲಿ ಬಂದ ‘ಹೆಚ್‌ಟಿಸಿ ವೈವ್’ ಕೋಣೆಯೊಳಗೆ ನಿಜವಾಗಿ ನಡೆದಾಡಲು ಬಿಟ್ಟಿತು. ಗೋಡೆ ಹತ್ತಿರವಾದರೆ ಕಣ್ಣೆದುರು ಎಚ್ಚರಿಕೆಯ ಜಾಲರಿ ಮೂಡುತ್ತಿತ್ತು. ಅದರಾಚೆಗೆ ಹೋಗಲು ಹಲವು ಆಟಗಳು ನೆಗೆತವನ್ನು ಆಯ್ದುಕೊಂಡವು. ಕೈಯಲ್ಲಿರುವ ನಿಯಂತ್ರಕದಿಂದ ದೂರದ ಜಾಗವನ್ನು ತೋರಿಸಿದರೆ ಸಾಕು, ಮರುಕ್ಷಣ ಅಲ್ಲಿರುತ್ತೀರಿ. ನಡುವಿನ ಚಲನೆ ಕಾಣದ ಕಾರಣ ಒಳಕಿವಿಯ ತಕರಾರಿಲ್ಲ. ನಡೆದ ಅನುಭವವೂ ಇಲ್ಲ. 2020ರ ‘ಹಾಫ್-ಲೈಫ್: ಆಲಿಕ್ಸ್’ ಆಟವು ನೆಗೆತ, ಸತತ ನಡಿಗೆ ಎರಡನ್ನೂ ಕೊಟ್ಟು, ಆಯ್ಕೆಯನ್ನು ಆಟಗಾರರ ಹೊಟ್ಟೆಗೇ ಬಿಟ್ಟಿತು.