ಇನ್ನೂರೈವತ್ತು ವರ್ಷದ ಲೆಕ್ಕ

ಪಂಚವಾರ್ಷಿಕ ಯೋಜನೆಗಳ ಪಾಠ ಮಾಡುತ್ತಲೇ ನನ್ನ ಅರ್ಧ ತಲೆಗೂದಲು ಬೆಳ್ಳಗಾಯಿತು. ಐದು ವರ್ಷಕ್ಕೆ ಹಾಕಿದ ಲೆಕ್ಕವನ್ನು ಐದು ವರ್ಷದಲ್ಲಿ ಮುಗಿಸುವುದೇ ಕಷ್ಟ. ಹೀಗಿರುವಾಗ ಜಪಾನಿನ ಒಬ್ಬ ವಿದ್ಯುತ್ ಸಾಮಾನಿನ ತಯಾರಕರು 250 ವರ್ಷಕ್ಕೆ ಯೋಜನೆ ಹಾಕಿದ್ದರೆಂದು ಓದಿದಾಗ ಮೊದಲು ನಗು ಬಂತು. ಆಮೇಲೆ ಕುತೂಹಲವಾಯಿತು.

ಅವರು ಕೊನೊಸುಕೆ ಮತ್ಸುಶಿತಾ. ನಮ್ಮ ಕರಾವಳಿಯ ಮನೆಗಳಿಗೆ ಗಲ್ಫಿನಿಂದ ಬರುತ್ತಿದ್ದ ‘ನ್ಯಾಷನಲ್ ಪ್ಯಾನಸಾನಿಕ್’ ಟೇಪ್‌ರೆಕಾರ್ಡರ್ ನಿಮಗೆ ನೆನಪಿರಬೇಕು, ಅದು ಇವರ ಕಂಪನಿಯದೇ. ಹುಟ್ಟಿದ್ದು 1894ರಲ್ಲಿ. ತಂದೆ ಅಕ್ಕಿಯ ಸಟ್ಟಾ ವ್ಯಾಪಾರದಲ್ಲಿ ಕೈಸುಟ್ಟುಕೊಂಡಿದ್ದರಿಂದ ಒಂಬತ್ತನೆಯ ವಯಸ್ಸಿಗೆ ಶಾಲೆ ಬಿಟ್ಟು ಒಸಾಕದ ಅಂಗಡಿಯೊಂದರಲ್ಲಿ ಚಾಕರಿಗೆ ನಿಂತ ಹುಡುಗ. ಮುಂದೆ ವಿದ್ಯುತ್ ಕಂಪನಿಯಲ್ಲಿ ಒಳ್ಳೆಯ ಕೆಲಸ ಸಿಕ್ಕಿತ್ತು. 1917ರಲ್ಲಿ ಅದನ್ನೂ ಬಿಟ್ಟು, ತಾನೇ ರೂಪಿಸಿದ ಸಾಕೆಟ್ ಮಾರಲು ಹೊರಟರು. ಅದು ಮಾರಾಟವಾಗಲಿಲ್ಲ.

ಇಲ್ಲಿ ಪತ್ನಿ ಮುಮೆನೊ ಅವರ ಮಾತು ಬರಬೇಕು. ಕಂಪನಿಗಳ ಚರಿತ್ರೆಯಲ್ಲಿ ಹೆಂಗಸರಿಗೆ ಸಾಮಾನ್ಯವಾಗಿ ಒಂದು ಸಾಲು ಸಿಕ್ಕರೆ ಹೆಚ್ಚು. ಆ ದಿನಗಳಲ್ಲಿ ಮನೆ ನಡೆದದ್ದು ಆಕೆಯ ಕಿಮೋನೊಗಳು ಒಂದೊಂದಾಗಿ ಗಿರವಿ ಅಂಗಡಿಗೆ ಹೋದದ್ದರಿಂದ. ಫ್ಯಾನಿಗೆ ಬೇಕಾದ ಒಂದು ಸಾವಿರ ಅವಾಹಕ ಫಲಕಗಳ ಆರ್ಡರು ಆ ವರ್ಷದ ಕೊನೆಗೆ ಬಂದು ಕೈಹಿಡಿಯಿತು. 1918ರಲ್ಲಿ ಕಂಪನಿ ಶುರುವಾದಾಗ ಇದ್ದವರು ಮೂರೇ ಜನ: ಗಂಡ, ಹೆಂಡತಿ, ಹೆಂಡತಿಯ ತಮ್ಮ ತೊಶಿಯೊ ಇಯುವೆ. ಮನೆಯಲ್ಲೇ ಉಳಿದು ಕೆಲಸ ಕಲಿಯುವ ಹುಡುಗರು ಬಂದ ಮೇಲೆ ಅವರ ಊಟ, ಬಟ್ಟೆ ನೋಡಿಕೊಂಡವರೂ ಮುಮೆನೊ ಅವರೇ.

ಜಪಾನಿನಲ್ಲಿ ಇಸ್ತ್ರಿಪೆಟ್ಟಿಗೆಗೆ ನಾಲ್ಕೈದು ಯೆನ್ ಇದ್ದಾಗ, 1927ರಲ್ಲಿ ಇವರು 3.20 ಯೆನ್‌ಗೆ ಕೊಟ್ಟರು. ಬೆಲೆ ಇಳಿಯಬೇಕಾದರೆ ತಿಂಗಳಿಗೆ ಹತ್ತು ಸಾವಿರ ತಯಾರಾಗಬೇಕು. ಇಡೀ ದೇಶದಲ್ಲಿ ವರ್ಷಕ್ಕೆ ಒಂದು ಲಕ್ಷವೂ ಖರ್ಚಾಗದ ಕಾಲ ಅದು. ಆದರೂ ಮಾಡಿದರು, ಜನ ಕೊಂಡರು. 1929ರಲ್ಲಿ ಜಗತ್ತಿನ ವ್ಯಾಪಾರವೇ ಕುಸಿದಾಗ ಮಾಲು ಗೋದಾಮಿನಲ್ಲಿ ರಾಶಿ ಬಿತ್ತು. ಮತ್ಸುಶಿತಾ ಹಾಸಿಗೆ ಹಿಡಿದಿದ್ದರು. ಅರ್ಧ ಜನರನ್ನು ಬಿಡಿಸೋಣ ಎಂದು ಆಪ್ತರು ಬಂದು ಹೇಳಿದರು. ಅವರ ಉತ್ತರ: ತಯಾರಿಕೆ ಅರ್ಧಕ್ಕಿಳಿಯಲಿ, ಕೆಲಸ ಅರ್ಧ ದಿನವೇ ಇರಲಿ, ಸಂಬಳ ಮಾತ್ರ ಪೂರ್ತಿ, ಉಳಿದ ಹೊತ್ತು, ರಜಾದಿನವೂ, ಎಲ್ಲರೂ ಮಾಲು ಮಾರಲಿ. ಎರಡು ತಿಂಗಳಲ್ಲಿ ಗೋದಾಮು ಖಾಲಿಯಾಯಿತು.

ಈ ನಂಬಿಕೆಯ ಮೇಲೆಯೇ 1932ರ ಮೇ 5ರಂದು ಒಸಾಕದಲ್ಲಿ 168 ಸಿಬ್ಬಂದಿಯನ್ನು ಸೇರಿಸಿ ಅವರು 250 ವರ್ಷದ ಮಾತು ಆಡಿದ್ದು. ಬೀದಿ ನಲ್ಲಿಯ ನೀರನ್ನು ದಾರಿಹೋಕ ಕುಡಿದರೆ ಯಾರೂ ಕಳ್ಳನೆನ್ನುವುದಿಲ್ಲ, ಏಕೆಂದರೆ ಅದು ಧಾರಾಳವಾಗಿದೆ. ಮನೆ ಸಾಮಾನುಗಳೂ ಹಾಗೆ ಧಾರಾಳ, ಅಗ್ಗವಾಗಬೇಕು ಎಂಬುದು ಅವರ ವಾದ. (ಬೀದಿ ನಲ್ಲಿಯ ಮುಂದೆ ಬೆಳಗಿನ ಜಾವ ಕೊಡ ಸಾಲಿಟ್ಟು ಕಾದವರಿಗೆ ಈ ಹೋಲಿಕೆ ಅಷ್ಟು ಸಲೀಸಾಗಿ ಒಪ್ಪಿಗೆಯಾಗದು!) ಇಪ್ಪತ್ತೈದು ವರ್ಷದ ಹತ್ತು ಅವಧಿಗಳು; ಪ್ರತಿ ಅವಧಿಯಲ್ಲಿ ಹತ್ತು ವರ್ಷ ಕಟ್ಟುವುದು, ಹತ್ತು ವರ್ಷ ಬೆಳೆಸುವುದು, ಐದು ವರ್ಷ ಸಮಾಜಕ್ಕೆ ಕೊಡುವುದು. ಮುಗಿಯುವುದು 2182ಕ್ಕೆ. ಕೇಳುತ್ತಿದ್ದವರು ಯಾರೂ ನೋಡದ ವರ್ಷ, ಹೇಳಿದವರೂ ನೋಡದ ವರ್ಷ. ಅವರು 1989ರಲ್ಲಿ, 94ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಆಮೇಲಿನ ಕಥೆ ಅಷ್ಟು ನೆಟ್ಟಗಿಲ್ಲ. 2001ರಲ್ಲಿ ಸಾವಿರಾರು ಜನ ಸ್ವಯಂ ನಿವೃತ್ತಿಯ ಹೆಸರಲ್ಲಿ ಹೊರಗೆ ಹೋದರು. 2008ರಲ್ಲಿ ಕಂಪನಿಯ ಹೆಸರಿನಿಂದ ‘ಮತ್ಸುಶಿತಾ’ ಹೋಗಿ ‘ಪ್ಯಾನಸಾನಿಕ್’ ಬಂತು. ಪ್ಲಾಸ್ಮಾ ಟೀವಿಗೆ ದೊಡ್ಡ ಕಾರ್ಖಾನೆಗಳನ್ನು ಕಟ್ಟಿದರು. ತೆಳ್ಳನೆಯ ಎಲ್‌ಸಿಡಿ ಟೀವಿಗಳು ಅಗ್ಗವಾಗುತ್ತಾ ಬಂದು, 2013ರಲ್ಲಿ ಪ್ಲಾಸ್ಮಾ ತಯಾರಿಕೆಯನ್ನೇ ನಿಲ್ಲಿಸಬೇಕಾಯಿತು. ನಷ್ಟ ಎರಡು ವರ್ಷ ಒಂದೇ ಸಮನೆ ವರ್ಷಕ್ಕೆ 75,000 ಕೋಟಿ ಯೆನ್ ದಾಟಿತು.

ಕೈಹಿಡಿದ ವ್ಯವಹಾರಗಳಲ್ಲಿ ಬ್ಯಾಟರಿಯೂ ಒಂದು, ಅದರ ಹಿಂದೆ ಒಂದು ಮನೆತನದ ಸ್ವಾರಸ್ಯವಿದೆ. ಮೈದುನ ಇಯುವೆ 1947ರಲ್ಲಿ ಬೇರೆಯಾಗಿ ಸ್ಯಾನಿಯೊ ಕಟ್ಟಿದ್ದರು. ಲಿಥಿಯಂ ಬ್ಯಾಟರಿಯಲ್ಲಿ ಪಳಗಿದ್ದ ಆ ಕಂಪನಿ 2009ರಲ್ಲಿ ಪ್ಯಾನಸಾನಿಕ್‌ನ ಕೈಗೆ ಬಂತು. ಪಾಲಾದ ಮನೆ ಅರವತ್ತು ವರ್ಷದ ಮೇಲೆ ಮತ್ತೆ ಒಂದಾದ ಹಾಗೆ! ಇವತ್ತು ಅಮೆರಿಕದ ನೆವಾಡದಲ್ಲಿ ಟೆಸ್ಲಾ ಕಾರುಗಳಿಗೆ ಪ್ಯಾನಸಾನಿಕ್ ಬ್ಯಾಟರಿ ತಯಾರಿಸುತ್ತದೆ. ಅವಧಿಗಳ ಪಟ್ಟಿ ಬರೆದವರ ಕನಸಿನಲ್ಲೂ ಇದ್ದಿರಲಾರದು.

2025ರಲ್ಲಿ ಹತ್ತು ಸಾವಿರ ಉದ್ಯೋಗ ಕಡಿತ ಮಾಡುವುದಾಗಿ ಕಂಪನಿ ಪ್ರಕಟಿಸಿತು. ಪ್ರಕಟಣೆಯ ದಿನ ಮೇ 9. ಮೇ 5 ಅವರಿಗೆ ಇವತ್ತಿಗೂ ಸಂಸ್ಥಾಪನಾ ದಿನ. ಹಾಸಿಗೆ ಹಿಡಿದೂ ಒಬ್ಬರನ್ನೂ ಬಿಡಿಸಲಿಲ್ಲವೆಂಬ 1929ರ ಕಥೆಯನ್ನು ಆ ದಿನ ಯಾರಾದರೂ ಹೇಳಿದರೋ ಏನೋ. ಮೂಲ ಲೆಕ್ಕದ ಪ್ರಕಾರ ಈಗ ನಡೆಯುತ್ತಿರುವುದು ನಾಲ್ಕನೆಯ ಅವಧಿಯ ‘ಬೆಳೆಸುವ’ ವರ್ಷಗಳ ಕೊನೆ. ಅವಧಿ ಮುಗಿಯುವುದು 2032ಕ್ಕೆ.