ಬೆಳ್ಳಿ ಮನೆಗಳನ್ನು ಎಳೆದ ಪಿಕಪ್‌ಗಳು

ಏರ್‌ಸ್ಟ್ರೀಮ್ ಕಂಪನಿ ಕಟ್ಟಿದ ಅಮೆರಿಕದ ವಾಲಿ ಬಯಮ್ 1951ರಲ್ಲಿ ವಾಸದ ಟ್ರೇಲರ್‌ಗಳ ದಂಡೊಂದನ್ನು ಮಧ್ಯ ಅಮೆರಿಕದತ್ತ ಹೊರಡಿಸಿದರು. ಟೆಕ್ಸಾಸಿನ ಎಲ್ ಪಾಸೊದಲ್ಲಿ ಸೇರಿದ್ದು 63 ಟ್ರೇಲರ್. ಕೆಟ್ಟ ರಸ್ತೆಗಳನ್ನು ದಾಟಿ ಕೊನೆಯವರೆಗೂ ಉಳಿದದ್ದು 14.

1959ರಲ್ಲಿ ಕೇಪ್ ಟೌನಿನಿಂದ ಕೈರೋಗೆ 41 ಟ್ರೇಲರ್‌ಗಳ ಇನ್ನೊಂದು ದಂಡು ಹೊರಟಿತು. ಈ ಸಲ ಅನೇಕರು ಟ್ರೇಲರ್ ಕಟ್ಟಿದ್ದು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಪಿಕಪ್‌ಗಳಿಗೆ. ಟ್ರ್ಯಾಕ್ಟರ್‌ಗಳಿಗೆ ಹೆಸರಾದ ಕಂಪನಿ ಅದು.

ಎತ್ತಿನಗಾಡಿ ಹೂಡಿದವರಿಗೆ ಇದರ ಕಾರಣ ಸುಲಭವಾಗಿ ತಿಳಿಯುತ್ತದೆ. ಹೇರು ಹಿಂದೆ ಸರಿದರೆ ಮೂಕಿ ಮೇಲೇಳುತ್ತದೆ; ಮುಂದೆ ಸರಿದರೆ ಎತ್ತಿನ ಕತ್ತಿನ ಮೇಲೆ ಬೀಳುತ್ತದೆ. ಟ್ರೇಲರ್‌ನದೂ ಅದೇ ಲೆಕ್ಕ. ಅದರ ತೂಕದಲ್ಲಿ ಶೇ. 10ರಿಂದ 15ರಷ್ಟು ಎಳೆಯುವ ಗಾಡಿಯ ಕೊಂಡಿಯ ಮೇಲೆ ಕೂರಬೇಕು. ಕಡಿಮೆಯಾದರೆ ಟ್ರೇಲರ್ ಅತ್ತಿತ್ತ ಬೀಸಾಡುತ್ತದೆ. ಹೆಚ್ಚಾದರೆ ಗಾಡಿಯ ಮುಂದಿನ ಚಕ್ರಗಳ ಹಿಡಿತ ತಪ್ಪುತ್ತದೆ. ಕೂತವರ ಸುಖಕ್ಕೆಂದು ಮಾಡಿದ ಕಾರಿನ ಮೆತ್ತನೆಯ ಸ್ಪ್ರಿಂಗು ಈ ಭಾರಕ್ಕೆ ಕುಸಿಯುತ್ತದೆ. ಪಿಕಪ್‌ನ ಹಿಂದಿನ ಸ್ಪ್ರಿಂಗು ಸರಕು ಹೊರಲೆಂದೇ ಮಾಡಿದ್ದು. ನೆಲದಿಂದ ಅದರ ಎತ್ತರವೂ ಹೆಚ್ಚು, ಏರಿನಲ್ಲಿ ನಿಧಾನವಾಗಿ ಎಳೆಯುವ ಗೇರೂ ಉಂಟು.

ದಂಡು 1960ರಲ್ಲಿ ಕೈರೋ ಮುಟ್ಟಿತು. ಪಿರಮಿಡ್ಡುಗಳೆದುರು ನಿಂತ ಬೆಳ್ಳಿಬಣ್ಣದ ಟ್ರೇಲರ್‌ಗಳ ಚಿತ್ರ ಪ್ರಸಿದ್ಧವಾಯಿತು. ದಾರಿಯುದ್ದಕ್ಕೂ ಮೂಕಿಯ ಭಾರ ಹೊತ್ತದ್ದು ಮಾತ್ರ ಪಿಕಪ್‌ಗಳು.