ಕಿವಿಗೆ ಮಾರ್ಕ್ಸ್ ಇಲ್ಲ

ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಇಂಗ್ಲಿಷಿನಲ್ಲಿ 100ಕ್ಕೆ 82 ಬಂದಿತ್ತು. ಮಸ್ಕಿ-ಸಿಂಧನೂರು ನಡುವಿನ ನಮ್ಮೂರ ಕನ್ನಡ ಮಾಧ್ಯಮದ ಹುಡುಗನಿಗೆ ಅದು ಸಣ್ಣ ಮಾತಲ್ಲ. ಅಪ್ಪ ಸಿಂಧನೂರಿನಿಂದ ಒಂದು ಕೆಜಿ ಪೇಡೆ ತಂದು ಓಣಿಗೆಲ್ಲ ಹಂಚಿದ್ದರು. "ನಮ್ಮ ಹುಡುಗ ಇಂಗ್ಲಿಷಿನ್ಯಾಗ ಬಾಳ ಶ್ಯಾಣ್ಯಾ" ಅಂತ ಅವ್ವ ಬಾವಿಕಟ್ಟೆ ತನಕ ಸುದ್ದಿ ಮುಟ್ಟಿಸಿದ್ದಳು.

ಆರು ವರ್ಷದ ನಂತರ ಬಿ.ಇ. ಕೊನೆಯ ವರ್ಷದಲ್ಲಿ ಒಂದು ಕಂಪನಿಯವರು ಕ್ಯಾಂಪಸ್‌ಗೆ ಬಂದರು. ಕಂಪ್ಯೂಟರ್ ಮುಂದೆ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕಿದರು. ಒಂದು ದನಿ ಒಂದು ವಾಕ್ಯ ಹೇಳುತ್ತದೆ, ಅದನ್ನ ತಿರುಗಿ ಹೇಳಬೇಕು. ಆಮೇಲೆ ಸಣ್ಣ ಕತೆ ಹೇಳುತ್ತದೆ, ಪ್ರಶ್ನೆಗೆ ಉತ್ತರ ಕೊಡಬೇಕು. ನನಗೆ ಕೇಳಿಸಿದ್ದು ಬರೀ ಗುಂಯ್ ಅನ್ನೋ ಸದ್ದು. ಕೈ ಎತ್ತಿ, "ಸರ್, ಹೆಡ್‌ಫೋನ್ ಕೆಟ್ಟಿದೆ" ಅಂದೆ. ಅವರು ಬಂದು ಕಿವಿಗಿಟ್ಟುಕೊಂಡು ನೋಡಿ, "ಸರಿ ಇದೆಯಲ್ಲ" ಅಂದರು. ಹೆಡ್‌ಫೋನ್ ಸರೀನೇ ಇತ್ತು ನೋಡ್ರಿ.

ಆ ಕೆಲಸ ಸಿಗಲಿಲ್ಲ. ಬೇರೆ ಕಡೆ ಕೋಡ್ ಬರೆಸಿ ನೋಡಿ ತೊಗೊಂಡರು, ಬದುಕು ನಡೀತು. ಆದರೆ ಒಂದು ಪ್ರಶ್ನೆ ಮಾತ್ರ ತಲೆಯಲ್ಲಿ ಉಳೀತು. ಒಂದು ಪರೀಕ್ಷೆ 82 ಅಂದ ಭಾಷೆಗೆ ಇನ್ನೊಂದು ಪರೀಕ್ಷೆ ಸೊನ್ನೆ ಅಂತಲ್ಲ, ಇದರಲ್ಲಿ ಯಾವುದು ಸುಳ್ಳು? ಈಗ ದಿನಾ ಸಾಫ್ಟ್‌ವೇರ್ ಟೆಸ್ಟ್ ಬರೆಯೋನಾಗಿ ಉತ್ತರ ಗೊತ್ತು. ಎರಡೂ ಸುಳ್ಳಲ್ಲ. ಮೊದಲನೆಯದು ಕಣ್ಣಿಗೆ ಇಟ್ಟ ಪರೀಕ್ಷೆ, ಎರಡನೆಯದು ಕಿವಿಗೆ ಇಟ್ಟದ್ದು. ನನ್ನ ಕಿವಿಗೆ ಅಲ್ಲಿಯವರೆಗೆ ಯಾರೂ ಪರೀಕ್ಷೆ ಇಟ್ಟಿರಲಿಲ್ಲ. ಯಾಕೆ ಇಟ್ಟಿರಲಿಲ್ಲ ಅಂತ ಹುಡುಕುತ್ತಾ ಹೋದರೆ ಕತೆ ನಮ್ಮ ಭಾಗದ ಇತಿಹಾಸಕ್ಕೇ ಹೋಗಿ ನಿಲ್ಲುತ್ತದೆ.

ಮಸ್ಕಿಯಿಂದಲೇ ಶುರು ಮಾಡೋಣ. 1915ರಲ್ಲಿ ಬೀಡನ್ ಅನ್ನೋ ಗಣಿ ಎಂಜಿನಿಯರ್ ಚಿನ್ನದ ಅದಿರು ಹುಡುಕುತ್ತಾ ಬಂದು, ಮಸ್ಕಿ ಬೆಟ್ಟದ ಬಂಡೆಯ ಮೇಲೆ ಅಶೋಕನ ಶಾಸನ ಕಂಡ. 'ದೇವಾನಾಂಪ್ರಿಯ' ಅಂದರೆ ಅಶೋಕನೇ ಅಂತ ಖಾತ್ರಿಯಾದದ್ದು ಈ ಶಾಸನದಿಂದ, ಯಾಕಂದರೆ ಇದರಲ್ಲಿ ಅಶೋಕ ಅನ್ನೋ ಹೆಸರೇ ಇದೆ. ಇದು ನಾವೆಲ್ಲ ಶಾಲೆಯಲ್ಲಿ ಓದಿದ್ದೇ. ನಾನು ತಡವಾಗಿ ಗಮನಿಸಿದ್ದು ಬೇರೆ ಸಂಗತಿ. ಅದರ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಇಲ್ಲಿನ ದನಗಾಹಿಗೆ, ಒಕ್ಕಲಿಗನಿಗೆ ಓದಲು ಬರುತ್ತಿತ್ತೇ? ಅಶೋಕನಿಗೂ ಆ ಭ್ರಮೆ ಇರಲಿಲ್ಲ. ಕಳಿಂಗದ ಧೌಲಿ, ಜೌಗಡದ ಶಾಸನಗಳಲ್ಲಿ ಅವನೇ ಹೇಳಿದ್ದಾನೆ, ತಿಷ್ಯ ನಕ್ಷತ್ರದ ದಿನ ಇದನ್ನು ಜನರಿಗೆ ಓದಿ ಕೇಳಿಸಬೇಕು ಅಂತ. ಅಂದರೆ ರಾಜನ ಮಾತು ಬಂಡೆಯಲ್ಲಿದ್ದರೂ ಜನಕ್ಕೆ ಮುಟ್ಟುತ್ತಿದ್ದದ್ದು ಕಿವಿಯ ಮೂಲಕ.

ಅಲ್ಲಿಂದ ಈಚೆಗೆ ನಮ್ಮ ಕಚೇರಿಯ ಭಾಷೆ ನಮ್ಮ ಮನೆಯ ಭಾಷೆ ಆಗಿದ್ದ ಕಾಲ ಎಷ್ಟು, ಆಗಿರದ ಕಾಲ ಎಷ್ಟು ಅಂತ ಲೆಕ್ಕ ಹಾಕಿದರೆ ಬೇಸರವಾಗುತ್ತದೆ. ನಿಜಾಮರ ಕಾಲದಲ್ಲಿ ಮೊದಲು ಪಾರ್ಸಿ, 1880ರ ದಶಕದಿಂದ ಉರ್ದು. 1853ರಿಂದ 1860ರವರೆಗೆ ರಾಯಚೂರು ದೋಆಬ್ ಬ್ರಿಟಿಷರ ಕೈಯಲ್ಲಿತ್ತು. ಲಿಂಗಸುಗೂರಿನಲ್ಲಿ ಪಲ್ಟನ್ ಇತ್ತು, ಅದಕ್ಕೇ ಈಗಲೂ ಹಳಬರು 'ಲಿಂಗಸುಗೂರು ಛಾವಣಿ' ಅನ್ನೋದು. 1905ರವರೆಗೆ ಅದು ಜಿಲ್ಲಾ ಕೇಂದ್ರವೂ ಆಗಿತ್ತು. ಹೈದರಾಬಾದಿನಲ್ಲಿ 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದಲ್ಲೇ ಶುರುವಾಯಿತು, ಇಂಗ್ಲಿಷ್ ಕಡ್ಡಾಯ ವಿಷಯವಾಗಿತ್ತು. ದೊಡ್ಡ ಶಾಲೆ ಓದಬೇಕೆಂದ ಕನ್ನಡದ ಹುಡುಗ ಮೊದಲು ಉರ್ದು ದಾಟಬೇಕು, ಆಮೇಲೆ ಇಂಗ್ಲಿಷ್. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಹಮ್‌ದರ್ದ್ ಶಾಲೆ ಕಟ್ಟಿದ್ದು ಯಾಕೆ ಅಷ್ಟು ದೊಡ್ಡ ಸಂಗತಿ ಅನ್ನೋದು ಇದು ತಿಳಿದಮೇಲೇ ಅರ್ಥವಾಗೋದು.

ನಮ್ಮ ತಾತ ಆ ಕಾಲದಲ್ಲಿ ನಾಲ್ಕನೇ ಇಯತ್ತೆವರೆಗೆ ಉರ್ದು ಕಲಿತವರು. ಉರ್ದು ಓದು ಅಂದರೆ ಅಕ್ಷರ ಅಕ್ಷರ ಕೂಡಿಸಿ, ಒಂದು ಸಾಲಿಗೆ ಒಂದು ಬೀಡಿ ಮುಗಿಸುತ್ತಿದ್ದರು. ಆದರೆ ಲಿಂಗಸುಗೂರು ಸಂತೆಯಲ್ಲಿ ಎತ್ತಿನ ವ್ಯಾಪಾರ ಪೂರ್ತಿ ಉರ್ದುವಿನಲ್ಲೇ ಮಾಡಿ ಬರುತ್ತಿದ್ದರು. ತಹಸೀಲು ಕಚೇರಿಯಲ್ಲಿ ಇಬ್ಬರು ಗುಮಾಸ್ತರು ಪಿಸುಗುಟ್ಟಿದ್ದನ್ನೂ ಮನೆಗೆ ಬಂದು ವರದಿ ಒಪ್ಪಿಸುತ್ತಿದ್ದರು. ನನ್ನದು ಪೂರಾ ಉಲ್ಟಾ. ಇಂಗ್ಲಿಷ್ ಪತ್ರಿಕೆ ಓದಬಲ್ಲೆ, ಇಂಗ್ಲಿಷ್ ಮಾತು ಕೇಳಿದರೆ ಹೆಡ್‌ಫೋನ್ ಕೆಟ್ಟಿದೆ ಅನ್ನುತ್ತೇನೆ. ತಾತನಿಗೆ ಉರ್ದು ಕಲಿಸಿದ್ದು ಶಾಲೆಯಲ್ಲ, ಬೀದಿ. ನಮ್ಮ ಬೀದಿಯಲ್ಲಿ ಇಂಗ್ಲಿಷ್ ಇರಲಿಲ್ಲ. ಹಂಗಾಗಿ ಅದನ್ನ ಕೇಳಿಸಬೇಕಿದ್ದದ್ದು ಶಾಲೆಯೊಂದೇ, ಅಲ್ಲಿ ಸರ್ ಪಾಠವನ್ನ ಒಂದೊಂದು ಸಾಲು ಓದಿ ಕನ್ನಡದಲ್ಲಿ ಅರ್ಥ ಹೇಳುತ್ತಿದ್ದರು. ನಾವು ಕಾಯುತ್ತಿದ್ದದ್ದು ಕನ್ನಡಕ್ಕೆ.

ಹಾಗಂತ ಇದು ಬರೀ ನಿರ್ಲಕ್ಷ್ಯ ಅಲ್ಲ. ಇಂಗ್ಲಿಷನ್ನ ಕಣ್ಣಿನಿಂದ ಕಲಿಸೋದೇ ಸರಿ ಅಂತ ಯೋಚಿಸಿ ಹೇಳಿದವರೂ ಇದ್ದರು. ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜು ನಡೆಸುತ್ತಿದ್ದ ಮೈಕೇಲ್ ವೆಸ್ಟ್ ಅನ್ನೋ ಅಧಿಕಾರಿ ಬಂಗಾಳಿ ಹುಡುಗರ ಓದಿನ ಸಾಮರ್ಥ್ಯವನ್ನ ಪರೀಕ್ಷೆ ಮಾಡಿ, 1926ರಲ್ಲಿ ದೊಡ್ಡ ವರದಿ ಬರೆದ. ಅವನ ವಾದ ಸರಳ. ಬಹಳ ಮಕ್ಕಳು ನಡುವೆಯೇ ಶಾಲೆ ಬಿಡುತ್ತಾರೆ, ಅವರಿಗೆ ಇಂಗ್ಲಿಷ್ ಮಾತಾಡುವ ಸಂದರ್ಭವೇ ಬರೋದಿಲ್ಲ. ಓದಲು ಕಲಿಸಿದರೆ ಅಷ್ಟಾದರೂ ಕೈಯಲ್ಲಿ ಉಳಿಯುತ್ತದೆ. ತಮಾಷೆ ಅಂದರೆ, ವೆಸ್ಟ್ ಪರೀಕ್ಷೆ ಮಾಡಿದ ಆ ಪೂರ್ವ ಬಂಗಾಳದಿಂದ ಮುಂದೆ ನಿರಾಶ್ರಿತರಾಗಿ ಬಂದವರ ಮಕ್ಕಳು ಮೊಮ್ಮಕ್ಕಳು ಇವತ್ತು ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಲ್ಲಿದ್ದಾರೆ. ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಕನ್ನಡ, ಪಕ್ಕದ ಕ್ಯಾಂಪಿನ ಭತ್ತದ ಗದ್ದೆಯಲ್ಲಿ ತೆಲುಗು. ಕಾಲೇಜಿನಲ್ಲಿ ನನ್ನ ಜೊತೆ ಅಂಥವನೊಬ್ಬನಿದ್ದ. ಅವನ ಇಂಗ್ಲಿಷ್ ಕಿವಿ ನನಗಿಂತ ಚುರುಕು. ಮೂರು ಭಾಷೆ ಕೇಳಿಯೇ ಹಿಡಿದವನಿಗೆ ನಾಲ್ಕನೆಯದಕ್ಕೆ ಅಂಜಿಕೆ ಇರಲಿಲ್ಲ.

ಸ್ವಾತಂತ್ರ್ಯ ಬಂದಮೇಲೆ ಇಂಗ್ಲಿಷ್ ಮೇಷ್ಟ್ರುಗಳ ತರಬೇತಿಗೆ 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರ ಇಂಗ್ಲಿಷ್ ಸಂಸ್ಥೆ, 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಬಂದವು. ಆಗಿನ ಮಂತ್ರ ವಾಕ್ಯರಚನೆ. ಒಂದು ಅಚ್ಚು ಕಲಿಸು, ಇಪ್ಪತ್ತು ಸಲ ಹೇಳಿಸು, ಮುಂದಿನ ಅಚ್ಚಿಗೆ ಹೋಗು.

ಇದಕ್ಕೆ ಎದುರಾಗಿ ಒಂದು ಪ್ರಯೋಗ ನಡೆದದ್ದು ನಮ್ಮ ಬೆಂಗಳೂರಿನಲ್ಲೇ ಅಂತ ಗೊತ್ತಾದಾಗ ನನಗೆ ಖುಷಿ, ಸಿಟ್ಟು ಎರಡೂ ಬಂತು. 1979ರಲ್ಲಿ ಎನ್.ಎಸ್. ಪ್ರಭು ಅನ್ನೋರು ಆ ಪ್ರಾದೇಶಿಕ ಸಂಸ್ಥೆಯ ಜೊತೆ ಸೇರಿ ಶುರು ಮಾಡಿದ್ದು. ಕರ್ನಾಟಕ, ತಮಿಳುನಾಡಿನ ಕೆಲವೇ ಶಾಲೆಗಳಲ್ಲಿ 1984ರವರೆಗೆ ನಡೀತು. ಜಗತ್ತಿನ ಭಾಷಾ ಬೋಧನೆಯ ಪುಸ್ತಕಗಳಲ್ಲಿ ಇದಕ್ಕೆ 'ಬೆಂಗಳೂರು ಪ್ರಾಜೆಕ್ಟ್' ಅಂತಲೇ ಹೆಸರು. ಅದರಲ್ಲಿ ವ್ಯಾಕರಣದ ಪಾಠ ಇಲ್ಲ, ಉರು ಹೊಡೆಯೋದಿಲ್ಲ. ರೈಲ್ವೆ ಟೈಮ್‌ಟೇಬಲ್ ಕೊಡೋದು, ನಕ್ಷೆ ಕೊಡೋದು. ಮೇಷ್ಟ್ರು ಇಂಗ್ಲಿಷಿನಲ್ಲೇ ಕೇಳುತ್ತಾರೆ: ಇಷ್ಟು ಗಂಟೆಗೆ ಹೊರಟವನು ಯಾವ ಗಾಡಿ ಹತ್ತಬೇಕು? ಆಮೇಲೆ ಅಂಥದ್ದೇ ಇನ್ನೊಂದು ಲೆಕ್ಕವನ್ನ ಹುಡುಗರು ತಾವೇ ಬಿಡಿಸಬೇಕು. ಇಂಗ್ಲಿಷಿನಲ್ಲಿ ಉದ್ದುದ್ದ ಮಾತಾಡು ಅಂತ ಒತ್ತಾಯ ಇಲ್ಲ. ಕೇಳಿ ಅರ್ಥ ಮಾಡಿಕೊ, ಓದಿ ಅರ್ಥ ಮಾಡಿಕೊ, ಉತ್ತರ ಒಂದೇ ಪದ ಆದರೂ ಸರಿ. ಲೆಕ್ಕ ಬಿಡಿಸೋ ಗುಂಗಿನಲ್ಲಿ ಭಾಷೆ ತಾನಾಗೇ ಒಳಗೆ ಇಳಿಯುತ್ತದೆ ಅನ್ನೋದು ಅವರ ನಂಬಿಕೆ.

ನಂಬಿಕೆ ಸರಿಯೋ ತಪ್ಪೋ ಅಂತ ಅಳೆಯಲು ಎಡಿನ್‌ಬರೊ ವಿಶ್ವವಿದ್ಯಾಲಯದ ಅಲನ್ ಬೆರೆಟ್ಟಾ, ಅಲನ್ ಡೇವಿಸ್ ಬಂದರು. ಅವರ ಕೆಲಸದ ರೀತಿ ನೋಡಿ ಎಂಜಿನಿಯರ್ ಆಗಿ ಕೈ ಮುಗಿಯೋ ಹಾಗಾಯಿತು. ಪ್ರಯೋಗದ ತರಗತಿ, ಹಳೇ ಪದ್ಧತಿಯ ತರಗತಿ ಎರಡಕ್ಕೂ ಐದು ಬಗೆಯ ಪರೀಕ್ಷೆ. ಒಂದು ಹಳೇ ಪದ್ಧತಿಗೆ ಅನುಕೂಲವಾದದ್ದು, ಒಂದು ಪ್ರಭು ಪದ್ಧತಿಗೆ ಅನುಕೂಲವಾದದ್ದು. ಉಳಿದ ಮೂರು ಯಾರ ಕಡೆಯೂ ವಾಲದಂಥವು: ಸಂದರ್ಭದೊಳಗಿನ ವ್ಯಾಕರಣ, ಉಕ್ತಲೇಖನ, ಮತ್ತೆ ಕೇಳಿ-ಓದಿ ಅರ್ಥ ಮಾಡಿಕೊಳ್ಳೋದು. 1985ರಲ್ಲಿ ಫಲಿತಾಂಶ ಪ್ರಕಟವಾಯಿತು. ತಂತಮ್ಮ ಪರೀಕ್ಷೆಯಲ್ಲಿ ಅವರವರೇ ಮುಂದೆ. ಅದು ಸಹಜ. ನಡುವಿನ ಮೂರರಲ್ಲಿ ಒಟ್ಟಾರೆ ತಕ್ಕಡಿ ಪ್ರಭು ಕಡೆಗೆ ವಾಲಿತ್ತು. ಹಾಗಂತ ಅವರು ಡಂಗುರ ಹೊಡೆಯಲಿಲ್ಲ. ಮಕ್ಕಳನ್ನ ಚೀಟಿ ಎತ್ತಿ ಹಂಚಿದ್ದಲ್ಲ, ಇದ್ದ ತರಗತಿಗಳನ್ನೇ ತೊಗೊಂಡದ್ದು ಅಂತ ತಾವೇ ಎಚ್ಚರಿಸಿದರು. ಪ್ರಯೋಗದ ಮೇಷ್ಟ್ರುಗಳು ಹೆಚ್ಚು ಹುರುಪಿನವರು ಅನ್ನೋ ಆಕ್ಷೇಪಣೆಯೂ ಬಂತು. 1987ರಲ್ಲಿ ಪ್ರಭು ಅವರ ಪುಸ್ತಕ ಆಕ್ಸ್‌ಫರ್ಡ್‌ನಿಂದ ಬಂತು, ಇವತ್ತಿಗೂ ದೇಶ ದೇಶಗಳಲ್ಲಿ ಓದುತ್ತಾರೆ.

ನನ್ನ ಸಿಟ್ಟು ಇಷ್ಟೇ. ಕನ್ನಡದ ಮಕ್ಕಳ ಕಿವಿಯನ್ನ ಸರಿಯಾಗಿ ಅಳೆಯಬಹುದು ಅಂತ ನಾನು ಹುಟ್ಟೋ ಮೊದಲೇ ತೋರಿಸಿಕೊಟ್ಟಿದ್ದರು. ನಾನು ಪರೀಕ್ಷೆ ಬರೆಯೋ ಹೊತ್ತಿಗೆ ಅದು ಬೆಂಗಳೂರಿನಿಂದ ಜಗತ್ತಿಗೆಲ್ಲ ಹೋಗಿತ್ತು, ಸಿಂಧನೂರಿಗೆ ಮಾತ್ರ ಬಂದಿರಲಿಲ್ಲ.

ನಮ್ಮ ಕಾಲದಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದು ಐದನೇ ಕ್ಲಾಸಿಗೆ. 2007-08ರಿಂದ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸಿನಿಂದಲೇ ಬಂತು. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆದರು. ಎಷ್ಟನೇ ಕ್ಲಾಸಿಗೆ, ಯಾವ ಮಾಧ್ಯಮ ಅನ್ನೋದರ ಮೇಲೆ ಜಗಳ ಆಗುತ್ತಲೇ ಇದೆ. ಕೊನೆಗೆ ಹೇಗೆ ಅಳೆಯೋದು ಅನ್ನೋದರ ಮೇಲೆ ಜಗಳ ಆದದ್ದು ನಾನಂತೂ ನೋಡಿಲ್ಲ. ಈಗ ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆಗೆ 80 ಅಂಕ ಬರವಣಿಗೆಗೆ, 20 ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ. ಕೇಳೋದು ಮಾತಾಡೋದು ಏನಿದ್ದರೂ ಆ 20ರೊಳಗೇ ತೂರಿಕೊಳ್ಳಬೇಕು.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಅಕ್ಕನ ಮಗಳು ಹತ್ತನೇ ಕ್ಲಾಸಿಗೆ ಹೋಗುವವಳಿದ್ದಳು. ಅವಳನ್ನೂ ಓಣಿಯ ನಾಲ್ಕು ಮಕ್ಕಳನ್ನೂ ಪಡಸಾಲೆಯಲ್ಲಿ ಕೂರಿಸಿ ನಾನೇ ಒಂದು ಪರೀಕ್ಷೆ ಇಟ್ಟೆ. ಮೊದಲು ಓದು. ಪ್ಯಾಸೇಜಿನಲ್ಲಿ ಬೇಕಂತಲೇ ಅರ್ಥವಿಲ್ಲದ ಪದ ಹಾಕಿದ್ದೆ. 'ದ ಪ್ಲಿಂಬ್ ವೆಂಟ್ ಟು ದ ಝೋಪರ್ ಇನ್ ದ ಮಾರ್ನಿಂಗ್' ಅಂತ. ಪ್ರಶ್ನೆ: 'ವೇರ್ ಡಿಡ್ ದ ಪ್ಲಿಂಬ್ ಗೋ?' ಐದೂ ಮಕ್ಕಳು ಸರಿಯಾಗಿ ಬರೆದರು, 'ದ ಪ್ಲಿಂಬ್ ವೆಂಟ್ ಟು ದ ಝೋಪರ್.' ಪ್ಲಿಂಬ್ ಅಂದರೇನು ಅಂತ ಒಬ್ಬರೂ ಕೇಳಲಿಲ್ಲ. ನನ್ನ 82ರಲ್ಲಿ ಎಷ್ಟು ಪ್ಲಿಂಬ್ ಇದ್ದವೋ ಅಂತ ನೆನೆದು ನಗು ಬಂತು.

ಆಮೇಲೆ ಕಿವಿ. ಬಸ್ ಸ್ಟ್ಯಾಂಡಿನ ಪ್ರಕಟಣೆ ಹಾಗೆ ನಾಲ್ಕು ಸಾಲು: ಲಿಂಗಸುಗೂರಿನ ಬಸ್ಸು ಏಳೂವರೆಗೆ, ಮಸ್ಕಿ ಮೇಲೆ ಹೋಗುತ್ತದೆ, ಇವತ್ತು ತಡ. ಮೊಬೈಲಿನ ಯಂತ್ರದ ದನಿಯಲ್ಲಿ ಕೇಳಿಸಿದೆ. ಯಾರಿಗೂ ತಿಳಿಯಲಿಲ್ಲ. ನಾನೇ ನನ್ನ ರಾಯಚೂರು ಇಂಗ್ಲಿಷಿನಲ್ಲಿ ಓದಿದೆ. ಮೂವರಿಗೆ ತಿಳೀತು. ನೆಲದ ಮೇಲೆ ಸೀಮೆಸುಣ್ಣದಿಂದ ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರು ಚುಕ್ಕಿ ಇಟ್ಟು ಗೆರೆ ಎಳೆದು ಮತ್ತೆ ಓದಿದೆ. ಐವರೂ ಹೇಳಿದರು. ಐದು ಮಕ್ಕಳಿಂದ ಏನೂ ಸಾಬೀತಾಗೋದಿಲ್ಲ, ಗೊತ್ತು. ಆದರೆ ಪ್ರಭು ನಕ್ಷೆ ಯಾಕೆ ಹಿಡಿದಿದ್ದರು ಅನ್ನೋದು ನನಗೆ ಅವತ್ತು ಕಂಡಿತು.

ಲಕ್ಷಗಟ್ಟಲೆ ಮಕ್ಕಳಿಗೆ ಒಂದೇ ದನಿ ಕೇಳಿಸೋದು ಹೆಂಗ, ಕರೆಂಟ್ ಹೋದರೆ ಏನ್ ಮಾಡೋದು ಅಂತ ಕೇಳುವವರಿದ್ದಾರೆ. ಹಾಂಗ್‌ಕಾಂಗ್ ನೋಡಿ. ಅಲ್ಲಿನ ಬಹುಪಾಲು ಮಕ್ಕಳ ಮನೆಮಾತು ಕ್ಯಾಂಟೊನೀಸ್, ಇಂಗ್ಲಿಷ್ ಅವರಿಗೂ ಕಲಿತ ಭಾಷೆಯೇ. 2012ರಿಂದ ನಡೆಯುತ್ತಿರುವ ಅವರ ಪ್ರೌಢಶಾಲಾ ಅಂತಿಮ ಪರೀಕ್ಷೆಯಲ್ಲಿ ಓದಿಗೆ ಒಂದು ಪತ್ರಿಕೆ, ಕೇಳೋದಕ್ಕೆ ಬೇರೆಯೇ ಪತ್ರಿಕೆ. ದನಿ ಬರುತ್ತಿದ್ದದ್ದು ಸರ್ಕಾರಿ ರೇಡಿಯೋದಿಂದ. ಮಕ್ಕಳು ಇಯರ್‌ಫೋನ್ ಜೊತೆ ಸೆಲ್ ಹಾಕಿದ ರೇಡಿಯೋ ತರುತ್ತಿದ್ದರು. ಚೀನಾದ ಕಾಲೇಜು ಪ್ರವೇಶ ಪರೀಕ್ಷೆಯಲ್ಲೂ ಇಂಗ್ಲಿಷಿನ 150 ಅಂಕದಲ್ಲಿ 30 ಕೇಳೋದಕ್ಕೆ. ಪರೀಕ್ಷೆಯಲ್ಲಿ ಇದ್ದದ್ದಕ್ಕೇ ಅಲ್ಲಿ ತರಗತಿಯಲ್ಲೂ ಕೇಳಿಸುತ್ತಾರೆ. ನಮ್ಮ ತಾತನ ಹಗೇವಿನ ಮೇಲಿನ ಗೂಟದಲ್ಲೂ ಒಂದು ರೇಡಿಯೋ ತೂಗುತ್ತಿತ್ತು, ರಾಯಚೂರಿನಲ್ಲೂ ಆಕಾಶವಾಣಿ ಕೇಂದ್ರ ಇದೆ. ಮೊದಲ ವರ್ಷ ಹತ್ತೇ ಅಂಕ ಇಡಲಿ, ಓದುವ ದನಿ ನಮ್ಮ ಕಡೆಯ ಮೇಷ್ಟ್ರದ್ದೇ ಆಗಿರಲಿ, ಎರಡೆರಡು ಸಲ ಕೇಳಿಸಲಿ.

ಪಡಸಾಲೆ ಪರೀಕ್ಷೆ ಮುಗಿದಮೇಲೆ ಸೊಸಿ ಕೇಳಿದಳು, "ಮಾಮ, ಇದು ಪರೀಕ್ಷಾಕ್ಕ ಬರ್ತೈತೇನು?"

"ಬರಂಗಿಲ್ಲವ್ವ" ಅಂದೆ.

"ಹಂಗಾರ ಆಮ್ಯಾಲ ನೋಡೂಣು ಬಿಡು" ಅಂತ ಗೈಡ್ ತೆಗೆದು ಪ್ರಬಂಧ ಉರು ಹೊಡೆಯಲು ಕೂತಳು. ಅವಳದೇನೂ ತಪ್ಪಿಲ್ಲ. ಈಗ ಭಾನುವಾರ ಫೋನ್ ಮಾಡಿದಾಗ ಹತ್ತು ನಿಮಿಷ ಇಂಗ್ಲಿಷಿನಲ್ಲಿ ಯಾವುದೋ ಊರಿಗೆ ದಾರಿ ಹೇಳುತ್ತೇನೆ, ಅವಳು ನಕ್ಷೆ ಬರೆದು ಫೋಟೋ ಕಳಿಸುತ್ತಾಳೆ. ಹೋದ ವಾರ ಮುದಗಲ್ಲಿಗೆ ಹೋಗೋ ದಾರಿ ಸರಿಯಾಗಿ ಬರೆದಿದ್ದಳು. ಹಟ್ಟಿ ಗಣಿಯನ್ನು ಮಾತ್ರ ತಪ್ಪು ಕಡೆ ಇಟ್ಟಿದ್ದಳು. ಕೇಳಿದರೆ, "ನೀನೇ ತಪ್ಪು ಹೇಳೀದಿ ಮಾಮ" ಅಂದಳು. ಹೌದು, ನಾನೇ ಎಡ ಅನ್ನುವಲ್ಲಿ ಬಲ ಅಂದಿದ್ದೆ. ಅವಳ ಕಿವಿ ಸರಿಯಾಗೇ ಇತ್ತು.